ಕೊಕ್ಕರೆ ಉಳಿಸಿದ ಅಕ್ಕಿ

ಗ್ರೇಟರ್ ನೋಯ್ಡಾದ ಪರೀ ಚೌಕ್ ದಾಟಿ ಆಗ್ರಾ ದಿಕ್ಕಿಗೆ ಹೊರಟರೆ ಯಮುನಾ ಎಕ್ಸ್‌ಪ್ರೆಸ್‌ವೇ ಸಿಗುತ್ತದೆ. 2012ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆದ, 165 ಕಿಲೋಮೀಟರ್ ಉದ್ದದ ಕಾಂಕ್ರೀಟು ರಸ್ತೆ. ಇದರ ಇಕ್ಕೆಲದ ನೆಲಕ್ಕೆಲ್ಲ ಈಗಾಗಲೇ ಹೆಸರಿಟ್ಟಾಗಿದೆ. ಇಲ್ಲಿ ಫಿಲಂ ಸಿಟಿ, ಅಲ್ಲಿ ವೈದ್ಯಕೀಯ ಉಪಕರಣಗಳ ಪಾರ್ಕ್, ಅದರಾಚೆ ಸಿದ್ಧ ಉಡುಪುಗಳ ಪಾರ್ಕ್. ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರದ ಯೋಜನೆಯಲ್ಲಿ ಸೆಕ್ಟರ್ 5ಎ ಜಪಾನಿನ ಕಂಪನಿಗಳಿಗೆ, 4ಎ ಕೊರಿಯಾದವರಿಗೆ. ಕಾರ್ಖಾನೆ, ಮನೆ, ಶಾಲೆ, ಆಸ್ಪತ್ರೆ ಎಲ್ಲವೂ ಒಂದೇ ಕಡೆ ಇರುವ ಊರುಗಳಂತೆ ಇವು. ಮೊದಲನೆಯದನ್ನು ಇಲ್ಲಿನ ಪತ್ರಿಕೆಗಳು ‘ಜಪಾನಿ ಸಿಟಿ’ ಎಂದೇ ಬರೆಯುತ್ತಿವೆ.

ಜಪಾನ್ ಈ ಜಿಲ್ಲೆಗೆ ಹೊಸತೇನಲ್ಲ. ಸೂರಜ್‌ಪುರದಲ್ಲಿ ಯಮಹಾ ಕಾರ್ಖಾನೆಯಿದೆ. ಗ್ರೇಟರ್ ನೋಯ್ಡಾದಲ್ಲಿ ಹೋಂಡಾ 1997ರಿಂದ 2020ರವರೆಗೆ ಕಾರು ತಯಾರಿಸಿತು. ಇಲ್ಲಿನವರ ಪಾಲಿಗೆ ಜಪಾನ್ ಅಂದರೆ ಯಂತ್ರ, ಶಿಸ್ತು, ತಿಂಗಳ ಒಂದನೇ ತಾರೀಕಿಗೆ ಸರಿಯಾಗಿ ಬರುವ ಸಂಬಳ. ಆದರೆ ಜಪಾನಿಗೆ ಇನ್ನೊಂದು ಮುಖವಿದೆ. ಹ್ಯೋಗೊ ಪ್ರಾಂತ್ಯದ ಉತ್ತರದ ಮೂಲೆಯಲ್ಲಿ ತೊಯೊಓಕಾ ಎಂಬ ಸಣ್ಣ ನಗರವಿದೆ. ಜನಸಂಖ್ಯೆ ಎಂಬತ್ತು ಸಾವಿರದೊಳಗೆ. ಆ ನಗರ ತನ್ನ ಗದ್ದೆಗಳನ್ನೂ, ಗದ್ದೆ ನಂಬಿ ಬದುಕುವ ಒಂದು ಹಕ್ಕಿಯನ್ನೂ ಒಟ್ಟಿಗೆ ಉಳಿಸಿಕೊಂಡ ಕಥೆ ಈ ಎಕ್ಸ್‌ಪ್ರೆಸ್‌ವೇ ಬದಿಯ ಊರುಗಳಿಗೆ ತೀರಾ ಅಗತ್ಯವಾಗಿ ಬೇಕು. ಕಾರ್ಖಾನೆಯ ಜಪಾನ್ ಬರುವುದಾದರೆ ಬರಲಿ, ಅದರ ಜೊತೆಗೆ ಗದ್ದೆಯ ಜಪಾನೂ ಬರಬೇಕು ಎಂಬುದು ನನ್ನ ವಾದ. ಯಾಕೆಂದರೆ ತೊಯೊಓಕಾದವರು ಕಳೆದುಕೊಂಡು, ದಶಕಗಟ್ಟಲೆ ಹೆಣಗಿ ಮರಳಿ ಪಡೆದದ್ದು ಇಲ್ಲಿ ಇನ್ನೂ ಜೀವಂತವಾಗಿದೆ.

ಎಕ್ಸ್‌ಪ್ರೆಸ್‌ವೇಯಿಂದ ಕೆಳಗಿಳಿದರೆ ದನಕೌರ್. ದೆಹಲಿ–ಅಲೀಗಢ ರೈಲುಮಾರ್ಗದಲ್ಲಿ ಹೋದವರು ಈ ಹೆಸರಿನ ಪುಟ್ಟ ನಿಲ್ದಾಣ ನೋಡಿರಬಹುದು, ಊರು ಅಲ್ಲಿಂದ ಒಳಗೆ. ದ್ರೋಣಾಚಾರ್ಯರ ಹೆಸರಿನ ದೇವಸ್ಥಾನ, ಅದರ ಕೊಳ, ಏಕಲವ್ಯನ ಐತಿಹ್ಯ, ಕೃಷ್ಣ ಜನ್ಮಾಷ್ಟಮಿಯ ಜಾತ್ರೆ, ಕಿರಿದಾದ ಬಜಾರಿನಲ್ಲಿ ಗೊಬ್ಬರ–ಬೀಜದ ಅಂಗಡಿಗಳು, ಟ್ರ್ಯಾಕ್ಟರ್ ರಿಪೇರಿ, ಬೆಲ್ಲದ ವ್ಯಾಪಾರ. ಸುತ್ತಲಿನ ಹಳ್ಳಿಗಳ ರೈತರನ್ನೇ ನಂಬಿದ ಪೇಟೆ ಇದು. ಇಲ್ಲಿಂದ ಸ್ವಲ್ಪ ದೂರದಲ್ಲೇ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ಕಾರುಗಳು ಅಲ್ಲಿ ಓಡಿದವು. ಆಮೇಲೆ ಬರಲಿಲ್ಲ. ಬೇಲಿಯ ಈಚೆ ಗೋಧಿ, ಸಾಸಿವೆ, ಕಬ್ಬು, ಭತ್ತ ಮಾತ್ರ ವರ್ಷವೂ ಬರುತ್ತಲೇ ಇವೆ.

ಮಂಡ್ಯದ ಗದ್ದೆ ಬದುವಿನಲ್ಲಿ ಬೆಳೆದು ಉದ್ಯೋಗಕ್ಕೆಂದು ಉತ್ತರಕ್ಕೆ ಬಂದವನಿಗೆ ಇಲ್ಲಿನ ನೆಲ ಮೊದಲು ಬೇರೆಯಾಗಿಯೇ ಕಾಣುತ್ತದೆ. ಗುಡ್ಡವಿಲ್ಲ, ಬಂಡೆಯಿಲ್ಲ. ಕಣ್ಣು ಹಾಯುವವರೆಗೆ ಚಪ್ಪಟೆ. ಆದರೂ ರೈತರು ಈ ಚಪ್ಪಟೆ ನೆಲವನ್ನು ಎರಡಾಗಿ ನೋಡುತ್ತಾರೆ. ಯಮುನೆ ಉಕ್ಕಿದಾಗ ಮುಳುಗುವ ತಗ್ಗು ಖಾದರ್, ಅದಕ್ಕಿಂತ ಮೇಲಿನ ಹಳೆಯ ಮೆಕ್ಕಲು ಬಾಂಗರ್. ಖಾದರಿನಲ್ಲಿ ತರಕಾರಿ, ಕರಬೂಜ, ಸೌತೆ, ಸೋರೆ. ಬಾಂಗರಿನಲ್ಲಿ ಗೋಧಿ, ಕಬ್ಬು, ಕಾಲುವೆ ಅಥವಾ ಕೊಳವೆಬಾವಿಯ ನೀರಿದ್ದಲ್ಲಿ ಭತ್ತ. 1854ರಲ್ಲಿ ತೆರೆದ ಮೇಲಿನ ಗಂಗಾ ಕಾಲುವೆಯ ಜಾಲ ಗಂಗೆ–ಯಮುನೆಗಳ ನಡುವಿನ ಈ ದೋಆಬಿನ ಬೇಸಾಯವನ್ನೇ ಬದಲಿಸಿತು. ಊರಂಚಿನಲ್ಲಿ ಸಾಲುಸಾಲಾಗಿ ನಿಂತ ಬಿಟೋರಾಗಳನ್ನು ನೋಡಬೇಕು. ಬೆರಣಿಗಳನ್ನು ಒಂದರ ಮೇಲೊಂದು ಒತ್ತಿ ಜೋಡಿಸಿ, ಮೇಲೆ ಸಗಣಿ ಸಾರಿಸಿ, ಹೆಂಗಸರು ಬೆರಳಿನಿಂದ ಬಳ್ಳಿ–ಎಲೆ–ನವಿಲು ಬಿಡಿಸಿದ ಆಳೆತ್ತರದ ಗುಡಿಸಲಿನಾಕಾರದ ಬಣವೆಗಳು. ಮಳೆಗಾಲದಲ್ಲಿ ಒಳಗಿನ ಒಂದು ಬೆರಣಿಯೂ ತೋಯುವುದಿಲ್ಲ. ಹಿಂದೆ ನಿಂತ ಮೂವತ್ತು ಮಹಡಿಯ ಅಪಾರ್ಟ್‌ಮೆಂಟುಗಳು ಎಷ್ಟು ನಿಜವೋ ಈ ಬಿಟೋರಾಗಳೂ ಅಷ್ಟೇ ನಿಜ. ನೋಯ್ಡಾದ ಚಿತ್ರ ಬಿಡಿಸುವಾಗ ಮೊದಲನೆಯದನ್ನಷ್ಟೇ ಬಿಡಿಸುವುದು ಅನ್ಯಾಯ.

ದನಕೌರಿನ ಸೀಮೆಯಲ್ಲೇ ಧನೌರಿ ಇದೆ. ನೂರು ಹೆಕ್ಟೇರಿನ ಆಸುಪಾಸು ಜೌಗು. ಜೊಂಡು, ಆಪು, ತಾವರೆಯ ಜಾತಿಯ ನೀರುಗಿಡಗಳು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಪಟ್ಟೆತಲೆಯ ಹೆಬ್ಬಾತುಗಳು, ಬಗೆಬಗೆಯ ಬಾತುಗಳು ಬಂದಿಳಿಯುತ್ತವೆ. ಆದರೆ ಧನೌರಿಯ ಹೆಸರು ಹೇಳಿದರೆ ಪಕ್ಷಿಪ್ರಿಯರ ಬಾಯಲ್ಲಿ ಮೊದಲು ಬರುವುದು ಸಾರಸ.

ಸಾರಸ ಹಾರಬಲ್ಲ ಹಕ್ಕಿಗಳಲ್ಲೇ ಅತಿ ಎತ್ತರದ್ದು. ನಿಂತರೆ ಆರಡಿಯ ಆಸುಪಾಸು, ಅಂದರೆ ಸರಾಸರಿ ಗಂಡಸಿನ ಕಣ್ಣಿಗೆ ಕಣ್ಣಿಟ್ಟು ನೋಡುವಷ್ಟು. ಬೂದು ಮೈ, ಕತ್ತಿನ ಮೇಲ್ಭಾಗ ಮತ್ತು ತಲೆ ಕಡುಗೆಂಪು. ಸಾಮಾನ್ಯವಾಗಿ ಜೋಡಿಯಾಗಿಯೇ ಕಾಣುತ್ತದೆ, ಒಂದಕ್ಕೊಂದು ದನಿಗೂಡಿಸಿ ಕೂಗುತ್ತದೆ. ವಾಲ್ಮೀಕಿಯ ಎದುರು ಬೇಡನ ಬಾಣಕ್ಕೆ ಬಿದ್ದ ಕ್ರೌಂಚ ಇದೇ ಇರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಕರ್ನಾಟಕದಲ್ಲಿ ಇದನ್ನು ನೋಡಿ ಬೆಳೆದವರು ಇಲ್ಲ. ಉತ್ತರ ಪ್ರದೇಶಕ್ಕೆ ಇದು ರಾಜ್ಯಪಕ್ಷಿ. ದೇಶದ ಸಾರಸಗಳಲ್ಲಿ ಬಹುಪಾಲು ಇರುವುದೂ ಇಲ್ಲೇ. ರಾಜ್ಯದ ಅರಣ್ಯ ಇಲಾಖೆಯ ಇತ್ತೀಚಿನ ಗಣತಿಗಳು 19 ಸಾವಿರಕ್ಕೂ ಹೆಚ್ಚು ಎನ್ನುತ್ತವೆ. ಜಾಗತಿಕ ಪಟ್ಟಿಯಲ್ಲಿ ಮಾತ್ರ ಇದು ಅಪಾಯದ ಅಂಚಿನ ಜೀವಿಯೇ.

ಈ ಹಕ್ಕಿಯ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿಯೊಂದಿದೆ. ಸಾರಸ ಕಾಡಿನ ಹಕ್ಕಿಯಲ್ಲ, ಬೇಸಾಯಗಾರರ ನಡುವೆ ಬದುಕುವ ಹಕ್ಕಿ. ಮುಂಗಾರು ಹಿಡಿದು ಗದ್ದೆಯಲ್ಲಿ ನೀರು ನಿಂತಾಗ ಜೊಂಡು, ಹುಲ್ಲು, ಒಂದಿಷ್ಟು ಪೈರನ್ನೂ ಕಿತ್ತು ನೀರಿನ ನಡುವೆ ದಿಬ್ಬದಂಥ ಗೂಡು ಪೇರಿಸುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡು–ಹೆಣ್ಣು ಸರದಿಯಲ್ಲಿ ತಿಂಗಳ ಕಾಲ ಕಾವು ಕೊಡುತ್ತವೆ. ಮರಿ ಹೊರಬಂದ ಒಂದೆರಡು ದಿನಕ್ಕೇ ತಾಯ್ತಂದೆಯ ಹಿಂದೆ ಬದುವಿನ ಮೇಲೆ ನಡೆಯುತ್ತದೆ. ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಗೂಡಿನ ಕೆಲಸ ಮುಗಿದಿರುತ್ತದೆ. ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಧನೌರಿಯಂಥ ಜೌಗು ಬೇಕು, ಮಳೆಗಾಲದಲ್ಲಿ ಸುತ್ತಲ ಭತ್ತದ ಗದ್ದೆ ಬೇಕು. ಉತ್ತರ ಪ್ರದೇಶದ ಹೊಲಗದ್ದೆಗಳಲ್ಲೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಪಕ್ಷಿವಿಜ್ಞಾನಿ ಕೆ.ಎಸ್. ಗೋಪಿ ಸುಂದರ್ ಅವರ ಕೆಲಸ ತೋರಿಸಿಕೊಟ್ಟಿದ್ದು ಇದನ್ನೇ: ರೈತರು ಸಹಿಸಿಕೊಂಡಿರುವ ತನಕ, ನಡುನಡುವೆ ಸಣ್ಣ ಜೌಗುಗಳು ಉಳಿದಿರುವ ತನಕ ಸಾರಸ ಬೇಸಾಯದ ನೆಲದಲ್ಲಿ ಮರಿ ಮಾಡಿಕೊಂಡು ಬದುಕುತ್ತದೆ.

ಆದ್ದರಿಂದ ಜೌಗಿಗೆ ಬೇಲಿ ಹಾಕಿ ಫಲಕ ನೆಟ್ಟ ಮಾತ್ರಕ್ಕೆ ಸಾರಸ ಉಳಿಯುವುದಿಲ್ಲ. ಧನೌರಿಯನ್ನು ಸಂರಕ್ಷಿತ ಜೌಗೆಂದು ಘೋಷಿಸಿ, ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿಸಬೇಕೆಂದು ಪಕ್ಷಿಪ್ರಿಯರು ವರ್ಷಗಳಿಂದ ಕೇಳುತ್ತಿದ್ದಾರೆ. ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿದೆ. ಆ ಬೇಡಿಕೆ ನೂರಕ್ಕೆ ನೂರು ಸರಿ. ಆದರೆ ಜೌಗು ಉಳಿದು, ಸುತ್ತಲ ಗದ್ದೆಗಳೆಲ್ಲ ಸೆಕ್ಟರುಗಳಾದರೆ ಆಷಾಢದಲ್ಲಿ ಈ ಜೋಡಿಗಳು ಗೂಡು ಕಟ್ಟುವುದೆಲ್ಲಿ?

ಇಲ್ಲಿನ ಗದ್ದೆಗಳು ಸೆಕ್ಟರುಗಳಾದ ಚರಿತ್ರೆ ಐವತ್ತು ವರ್ಷದ್ದು. 1976ರ ಏಪ್ರಿಲ್ 17ರಂದು, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ನ್ಯೂ ಓಖ್ಲಾ ಕೈಗಾರಿಕಾ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದ್ದೇ ಊರಿನ ಹೆಸರಾಯಿತು. ಹರೌಲಾ, ನಿಠಾರಿ, ಛಲೇರಾ, ಮಾಮೂರಾ, ಬರೌಲಾ, ಸರ್ಫಾಬಾದ್, ಹೀಗೆ ಎಂಬತ್ತರಷ್ಟು ಹಳ್ಳಿಗಳ ನೆಲ ಅದರ ವ್ಯಾಪ್ತಿಗೆ ಬಂತು. ಇವತ್ತು ಸೆಕ್ಟರ್ 18ರ ಝಗಮಗದ ನಡುವೆ ‘ಅಟ್ಟಾ ಮಾರ್ಕೆಟ್’ ಎನ್ನುವವರಿಗೆ ಅಟ್ಟಾ ಒಂದು ಹಳ್ಳಿಯೆಂಬುದು ನೆನಪಿಗೇ ಬರುವುದಿಲ್ಲ. 1991ರಲ್ಲಿ ಗ್ರೇಟರ್ ನೋಯ್ಡಾ, 2001ರಲ್ಲಿ ಎಕ್ಸ್‌ಪ್ರೆಸ್‌ವೇಗಾಗಿ ಮೂರನೆಯ ಪ್ರಾಧಿಕಾರ. ನಡುವೆ 1997ರಲ್ಲಿ ಬುಲಂದ್‌ಶಹರ್ ಮತ್ತು ಗಾಜಿಯಾಬಾದ್‌ಗಳಿಂದ ತಾಲ್ಲೂಕುಗಳನ್ನು ಕಿತ್ತು ಗೌತಮ ಬುದ್ಧ ನಗರ ಜಿಲ್ಲೆ ರಚನೆಯಾಯಿತು.

ಜಮೀನು ಕೊಟ್ಟವರ ಸಿಟ್ಟು ಒಳಗೊಳಗೇ ಕುದಿದು 2011ರ ಮೇ 7ರಂದು ದನಕೌರ್ ಸೀಮೆಯ ಭಟ್ಟಾ–ಪಾರಸೌಲ್‌ನಲ್ಲಿ ಸ್ಫೋಟಿಸಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಾಹಬೇರಿ ಹಳ್ಳಿಯ ಭೂಸ್ವಾಧೀನವನ್ನು ರದ್ದುಪಡಿಸಿತು. ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನಷ್ಟು ಹಳ್ಳಿಗಳ ಪ್ರಕರಣಗಳಲ್ಲಿ ಶೇ 64.7ರಷ್ಟು ಹೆಚ್ಚುವರಿ ಪರಿಹಾರ, ಅಭಿವೃದ್ಧಿಪಡಿಸಿದ ನೆಲದಲ್ಲಿ ಶೇ 10ರ ಪಾಲು ಕೊಡಬೇಕೆಂದಿತು. 1894ರ ಬ್ರಿಟಿಷ್ ಕಾಲದ ಕಾಯ್ದೆಯನ್ನು ಕಿತ್ತುಹಾಕಿ 2014ರ ಜನವರಿಯಿಂದ ಹೊಸ ಭೂಸ್ವಾಧೀನ ಕಾನೂನು ಜಾರಿಗೆ ಬಂದದ್ದರ ಹಿಂದೆ ಈ ಹಳ್ಳಿಗಳ ನೆತ್ತರಿದೆ. ಆದರೂ ತಕರಾರು ಮುಗಿದಿಲ್ಲ. 2024ರ ಡಿಸೆಂಬರ್ 2ರಂದು ಶೇ 10ರ ನಿವೇಶನ, 64.7ರ ಬಾಕಿ ಎನ್ನುತ್ತಾ ಸಾವಿರಾರು ರೈತರು ನೋಯ್ಡಾದಿಂದ ದೆಹಲಿಯತ್ತ ಹೊರಟಿದ್ದರು, ಗಡಿಯಲ್ಲೇ ತಡೆಯಲಾಯಿತು.

ಅದರ ಮರುವಾರವೇ, ಡಿಸೆಂಬರ್ 9ರಂದು, ಜೇವರ್‌ನ ಹೊಸ ವಿಮಾನ ನಿಲ್ದಾಣದ ರನ್‌ವೇಯ ಮೇಲೆ ಪರೀಕ್ಷಾರ್ಥ ವಿಮಾನ ಇಳಿಯಿತು. ರೋಹಿ, ದಯಾನತಪುರ, ಕಿಶೋರ್‌ಪುರ, ರನ್ಹೇರಾ, ಪರೋಹಿ ಹಳ್ಳಿಗಳ ಹೊಲಗದ್ದೆಗಳಿದ್ದ ನೆಲ ಅದು. ವಿಮಾನ ನಿಲ್ದಾಣದ ಹೆಸರು ಕೇಳಿದ ದಿನದಿಂದ ಸುತ್ತಲ ಇಪ್ಪತ್ತು ಮೂವತ್ತು ಕಿಲೋಮೀಟರಿನ ರೈತರು ತಮ್ಮ ನೆಲವನ್ನು ಕ್ವಿಂಟಲ್‌ನಲ್ಲಿ ಅಳೆಯುವುದನ್ನು ಬಿಟ್ಟು ಚದರ ಮೀಟರಿನಲ್ಲಿ ಅಳೆಯತೊಡಗಿದರು. ಅವರನ್ನು ದೂರುವುದು ನನಗೆ ಸಾಧ್ಯವಿಲ್ಲ. ದೇವನಹಳ್ಳಿಯನ್ನು ಬಲ್ಲವರು ಯಾರೂ ದೂರಲಾರರು. ಚಕ್ಕೋತ, ದ್ರಾಕ್ಷಿ, ರೇಷ್ಮೆ ಬೆಳೆಯುವ ಅಲ್ಲಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, ಕೊನೆಗೆ 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡುವಂತೆ ಮಾಡಿದರು. ಅಲ್ಲಿ ನೆಲ ಕೊಡೆವು ಎಂದವರಿಗೆ ಬೆಳೆಯಿಂದ ಬದುಕುವ ದಾರಿಯೊಂದಿತ್ತು. ದನಕೌರಿನ ಭತ್ತದ ರೈತನಿಗೆ ಅಂಥ ದಾರಿ ಕಾಣಿಸಿದವರು ಯಾರು?

ತೊಯೊಓಕಾದ ಕಥೆ ಬೇಕಾಗುವುದು ಈ ಪ್ರಶ್ನೆಗೆ.

ಅದು ಜಪಾನ್ ಸಮುದ್ರದ ಕಡೆಯ, ಬೆಟ್ಟಗಳ ನಡುವಿನ ತಗ್ಗು. ಮಾರುಯಾಮ ನದಿ ಅಲ್ಲಿ ನಿಧಾನವಾಗಿ, ಆಗಾಗ ದಡ ಮೀರಿ ಹರಿಯುತ್ತದೆ. ನೀರು ನಿಲ್ಲುವ ಗದ್ದೆ, ಕೆಸರು, ಕಪ್ಪೆ, ಸಿಹಿನೀರಿನ ಮೀನು. ನದಿದಂಡೆಯ ವಿಲೋ ಗಿಡದ ಕಡ್ಡಿಗಳಿಂದ ಬುಟ್ಟಿ–ಪೆಟ್ಟಿಗೆ ಹೆಣೆಯುತ್ತಿದ್ದ ಊರು ಕ್ರಮೇಣ ಕೈಚೀಲ, ಪ್ರವಾಸದ ಬ್ಯಾಗುಗಳ ಊರಾಯಿತು. ತೊಯೊಓಕಾದ ಬ್ಯಾಗು ಇಂದಿಗೂ ಹೆಸರುವಾಸಿ. ನಗರದೊಳಗೇ ಇರುವ ಕಿನೊಸಾಕಿ ಬಿಸಿನೀರ ಬುಗ್ಗೆಗಳ ಹಳೆಯ ತಾಣ. ಗಾಯಗೊಂಡ ಕೊಕ್ಕರೆಯೊಂದು ಆ ನೀರಿನಲ್ಲಿ ಕಾಲು ನೆನೆಸಿ ವಾಸಿಮಾಡಿಕೊಂಡಿದ್ದನ್ನು ನೋಡಿಯೇ ಜನ ಬುಗ್ಗೆ ಕಂಡುಹಿಡಿದರೆಂಬ ಐತಿಹ್ಯ ಅಲ್ಲಿದೆ. ಈ ಸೀಮೆಯ ತಜಿಮಾ ದನಗಳದೇ ಕೋಬೆ ಮಾಂಸದ ಮೂಲ ತಳಿ. 2005ರಲ್ಲಿ ಸುತ್ತಲ ಐದು ಪಟ್ಟಣಗಳು ಸೇರಿ ಈಗಿನ ನಗರ ರೂಪುಗೊಂಡಿತು. ನಗರವೆಂದರೂ ಬಹುಭಾಗ ಬೆಟ್ಟ, ಗದ್ದೆ.

1960ರ ಬೇಸಿಗೆಯಲ್ಲಿ ಅಲ್ಲಿನ ಇಜುಶಿ ನದಿಯಲ್ಲಿ ತೆಗೆದ ಒಂದು ಕಪ್ಪುಬಿಳುಪು ಚಿತ್ರವಿದೆ. ಮೊಣಕಾಲು ನೀರಿನಲ್ಲಿ ದನಗಳು, ಅವುಗಳ ಪಕ್ಕ ಒಬ್ಬಳು ರೈತ ಹೆಂಗಸು, ಅವರಿಂದ ಮಾರು ದೂರವೂ ಇಲ್ಲದೆ ಹನ್ನೆರಡು ಕೊಕ್ಕರೆಗಳು. ಯಾರೂ ಯಾರನ್ನೂ ಕಂಡು ಬೆದರಿಲ್ಲ. ತೊಯೊಓಕಾದ ಜನ ಇಂದಿಗೂ ಆ ಚಿತ್ರವನ್ನು ಊರಿನ ಗುರುತಾಗಿ ತೋರಿಸುತ್ತಾರೆ, ಯಾಕೆಂದರೆ ಅದಾದ ಹನ್ನೊಂದೇ ವರ್ಷಕ್ಕೆ ಎಲ್ಲವೂ ಮುಗಿದಿತ್ತು.

ಹಿಂದೆ ಬೇಟೆಗೆ ಬಲಿಯಾಗಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಗೂಡಿನ ಪೈನ್ ಮರಗಳು ಕಡಿದುಹೋಗಿ ಕೊಕ್ಕರೆಗಳ ಸಂಖ್ಯೆ ಇಳಿದಿತ್ತು. ಉಳಿದವನ್ನು ಮುಗಿಸಿದ್ದು ಯುದ್ಧಾನಂತರದ ಬೇಸಾಯ. ಪಾದರಸ ಬೆರೆತ ಕೀಟನಾಶಕ ಕಪ್ಪೆ–ಮೀನುಗಳ ಮೂಲಕ ಹಕ್ಕಿಯ ಹೊಟ್ಟೆ ಸೇರಿತು. ಯಂತ್ರಗಳಿಗೆ ಅನುಕೂಲವಾಗಲೆಂದು ಗದ್ದೆಗಳನ್ನು ಚೌಕವಾಗಿ ಕತ್ತರಿಸಿ, ಕಾಲುವೆಗೆ ಕಾಂಕ್ರೀಟು ಸುರಿದು, ನೀರು ಬೇಗ ಬಸಿದುಹೋಗುವಂತೆ ಮಾಡಿದ್ದರಿಂದ ನದಿಯ ಮೀನಿಗೆ ಗದ್ದೆ ಹತ್ತುವ ದಾರಿಯೇ ಮುಚ್ಚಿತು. 1965ರಲ್ಲಿ ಉಳಿದ ಹಕ್ಕಿಗಳನ್ನು ಹಿಡಿದು ಪಂಜರದಲ್ಲಿ ಮರಿ ಮಾಡಿಸಲು ಹೊರಟರು. 1971ರಲ್ಲಿ ಜಪಾನಿನ ಕೊನೆಯ ಕಾಡುಕೊಕ್ಕರೆ ತೊಯೊಓಕಾದಲ್ಲೇ ಸತ್ತಿತು.

ಪಂಜರದ ಪ್ರಯತ್ನ ಮಾತ್ರ ನಿಲ್ಲಲಿಲ್ಲ. ವರ್ಷ ವರ್ಷವೂ ಮೊಟ್ಟೆ, ವರ್ಷ ವರ್ಷವೂ ನಿರಾಶೆ. 1985ರಲ್ಲಿ ರಷ್ಯಾದ ಖಬರೋವ್ಸ್ಕ್‌ನಿಂದ ಆರು ಎಳೆಯ ಹಕ್ಕಿಗಳನ್ನು ತಂದರು. 1989ರಲ್ಲಿ, ಮೊದಲ ಜೋಡಿಯನ್ನು ಹಿಡಿದ ಇಪ್ಪತ್ನಾಲ್ಕು ವರ್ಷಗಳ ನಂತರ, ಮರಿ ಹೊರಬಂತು. ಇಷ್ಟು ತಾಳ್ಮೆ ಒಂದು ಪ್ರಾಂತ್ಯದ ಸರ್ಕಾರಿ ಕಚೇರಿಗಿತ್ತು ಎನ್ನುವುದೇ ನನ್ನನ್ನು ಮತ್ತೆ ಮತ್ತೆ ಬೆರಗುಗೊಳಿಸುತ್ತದೆ.

ಮರಿಗಳಾದವು. ಬಿಡುವುದೆಲ್ಲಿ? ವಿಷದ ಗದ್ದೆಗೆ ಬಿಟ್ಟರೆ ಹಳೆಯ ಕಥೆಯೇ. ಒಂದು ಕೊಕ್ಕರೆಗೆ ದಿನಕ್ಕೆ ಅರ್ಧ ಕಿಲೋದಷ್ಟು ಮೀನು, ಕಪ್ಪೆ, ಹುಳು ಬೇಕು. ಅಷ್ಟು ಜೀವ ತುಂಬಿದ ಗದ್ದೆಯನ್ನು ಅರಣ್ಯ ಇಲಾಖೆ ಮಾಡಿಕೊಡಲಾರದು, ರೈತನೇ ಮಾಡಬೇಕು. ಆದರೆ ಹಳೆಯ ತಲೆಮಾರಿನ ರೈತರಿಗೆ ಕೊಕ್ಕರೆಯೆಂದರೆ ಎಳೆಯ ನಾಟಿ ತುಳಿಯುವ ಕಾಟ. ಪ್ರಾಂತ್ಯದ ಕೃಷಿ ಸಿಬ್ಬಂದಿ, ರೈತರ ಸಹಕಾರ ಸಂಘ, ನಗರಾಡಳಿತ ಮೂವರೂ ಕೂತು ಒಂದು ಬೇಸಾಯ ಪದ್ಧತಿ ಕಟ್ಟಿದರು. ಅದರ ವಿವರಗಳನ್ನು ನಮ್ಮ ಕೆ.ಆರ್.ಎಸ್. ಅಚ್ಚುಕಟ್ಟಿನ ರೈತರ ಮುಂದಿಟ್ಟರೆ ಪ್ರತಿಯೊಂದರ ಕಾರಣವೂ ಅವರಿಗೆ ತಕ್ಷಣ ಹೊಳೆಯುತ್ತದೆ. ಬಿತ್ತನೆ ಭತ್ತವನ್ನು ರಾಸಾಯನಿಕದಲ್ಲಿ ಅದ್ದುವ ಬದಲು 60 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸುವುದು. ಕೊಯ್ಲಾದ ಮೇಲೆ ಚಳಿಗಾಲದಲ್ಲೂ ಗದ್ದೆಗೆ ನೀರು ಕಟ್ಟಿ, ಹುಳಹುಪ್ಪಟೆ ಬೆಳೆಯಲು ಬಿಡುವುದು. ನಾಟಿಗೆ ತಿಂಗಳ ಮೊದಲೇ ನೀರು ನಿಲ್ಲಿಸಿ, ನಾಟಿಯ ನಂತರ ಆಳವಾಗಿ ನೀರು ಹಿಡಿದು ಕಳೆಯನ್ನು ತಡೆಯುವುದು. ಪೈರು ತೆಂಡೆ ಹೊಡೆಯುವ ಹೊತ್ತಿಗೆ ಗದ್ದೆಯನ್ನು ಒಮ್ಮೆ ಒಣಗಿಸುವ ವಾಡಿಕೆಯಿದೆಯಲ್ಲ, ಅದನ್ನು ಗೊದಮೊಟ್ಟೆಗಳಿಗೆ ಕಾಲು ಮೂಡಿ ಕಪ್ಪೆಯಾಗಿ ಬದು ಹತ್ತುವವರೆಗೆ ಮುಂದೂಡುವುದು. ಕಾಲುವೆಯಿಂದ ಗದ್ದೆಗೆ ಮೀನು ಹತ್ತಲು ಮೆಟ್ಟಿಲಿನಂಥ ದಾರಿ ಮಾಡುವುದು. ಕೀಟನಾಶಕ ಇಲ್ಲವೇ ಇಲ್ಲ, ಅಥವಾ ತೀರಾ ಕಡಿಮೆ.

ಕೆಲಸ ಹೆಚ್ಚು, ಇಳುವರಿ ಕಡಿಮೆ. ಹಾಗಿದ್ದರೆ ರೈತ ಯಾಕೆ ಒಪ್ಪಬೇಕು? ಅಕ್ಕಿಗೆ ಹೆಚ್ಚಿನ ಬೆಲೆ ಸಿಕ್ಕರೆ ಮಾತ್ರ. ಕೊಕ್ಕರೆಯನ್ನು ಪೋಷಿಸುವ ಅಕ್ಕಿ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು, ಸಾಮಾನ್ಯ ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಹೋಯಿತು. ಊರಿನ ಶಾಲಾ ಮಕ್ಕಳ ಮಧ್ಯಾಹ್ನದೂಟಕ್ಕೂ ಅದೇ ಅಕ್ಕಿ ಬಂತು. 2001ರಿಂದ ಎರಡು ದಶಕ ಮೇಯರ್ ಆಗಿದ್ದ ಮುನೆಹರು ನಾಕಗಾಯಿ ಒಂದು ಮಾತನ್ನು ಬಿಡದೆ ಹಿಡಿದಿದ್ದರು: ಪರಿಸರದ ಕೆಲಸ ಊರಿನ ಗಳಿಕೆಯೂ ಆಗಬೇಕು, ಇಲ್ಲವಾದರೆ ಅದು ಮುಂದುವರಿಯುವುದಿಲ್ಲ. 2005ರ ಸೆಪ್ಟೆಂಬರ್ 24ರಂದು ಐದು ಕೊಕ್ಕರೆಗಳನ್ನು ಬಿಟ್ಟರು. 2007ರಲ್ಲಿ ಬಯಲಿನ ಗೂಡಿನಿಂದ ಮರಿಯೊಂದು ಹಾರಿತು, ನಾಲ್ಕು ದಶಕಕ್ಕೂ ಮೀರಿದ ಅಂತರದ ನಂತರ. ಈಗ ಜಪಾನಿನ ಬಯಲಿನಲ್ಲಿ ಮುನ್ನೂರಕ್ಕೂ ಹೆಚ್ಚು ಕೊಕ್ಕರೆಗಳಿವೆ. 2012ರಲ್ಲಿ ಮಾರುಯಾಮ ನದಿಯ ಕೆಳಪಾತ್ರ ರಾಮ್ಸಾರ್ ಪಟ್ಟಿಗೆ ಸೇರಿದಾಗ ಆ ಹೆಸರಿನೊಳಗೇ ‘ಮತ್ತು ಸುತ್ತಲಿನ ಭತ್ತದ ಗದ್ದೆಗಳು’ ಎಂದು ಬರೆಸಿದರು. ಧನೌರಿಗೆ ಬೇಕಾದುದು ಅಕ್ಷರಶಃ ಇದೇ ಸಾಲು.

ತೊಯೊಓಕಾವನ್ನು ಸ್ವರ್ಗವೆಂದು ಬಣ್ಣಿಸಬೇಕಿಲ್ಲ. ಜಪಾನಿನ ಬಹುತೇಕ ಸಣ್ಣ ನಗರಗಳ ಹಾಗೆ ಅಲ್ಲೂ ಜನಸಂಖ್ಯೆ ಇಳಿಯುತ್ತಿದೆ, ದೇಶದ ರೈತರ ಸರಾಸರಿ ವಯಸ್ಸು ಅರವತ್ತೈದು ದಾಟಿದೆ. ಅಲ್ಲಿ ನೆಲವಿದೆ, ಉಳುವವರಿಲ್ಲ. ಇಲ್ಲಿ ಉಳುವವರಿದ್ದಾರೆ, ನೆಲ ಹೋಗುತ್ತಿದೆ. ಹಾಗಾಗಿ ತೊಯೊಓಕಾದ ಜೊತೆಗೆ ಜಪಾನಿನ ದೊಡ್ಡ ನಗರಗಳಿಂದ ಇನ್ನೊಂದನ್ನೂ ಕಲಿಯಬೇಕು. ನಗರದೊಳಗಿನ ಕೃಷಿಭೂಮಿಗೆಂದೇ ಅಲ್ಲಿ 1974ರಿಂದ ಒಂದು ಕಾಯ್ದೆಯಿದೆ. 1991ರ ತಿದ್ದುಪಡಿಯ ನಂತರ, ಮೂವತ್ತು ವರ್ಷ ಬೇಸಾಯವನ್ನೇ ಮಾಡುತ್ತೇನೆಂದು ಒಪ್ಪಿದ ರೈತನಿಗೆ ನಿವೇಶನದ ದರದ ಬದಲು ಕೃಷಿಭೂಮಿಯ ದರದಲ್ಲಿ ತೆರಿಗೆ. 2022ರಲ್ಲಿ ಆ ಗಡುವು ಮುಗಿಯುವಾಗ ನೆಲವೆಲ್ಲ ಬಿಲ್ಡರುಗಳ ಪಾಲಾಗುತ್ತದೆಂಬ ಭಯವಿತ್ತು. ಬಹುಪಾಲು ರೈತರು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು. ಟೋಕಿಯೋದ ನೆರಿಮಾ ವಾರ್ಡಿನಲ್ಲಿ ಮನೆಗಳ ನಡುವೆ ಎಲೆಕೋಸು, ಮೂಲಂಗಿ ಬೆಳೆಯುವುದು ಈ ಕಾನೂನಿನ ಬಲದಿಂದ.

ಕರ್ನಾಟಕದವರಿಗೆ ಇದು ಪರಕೀಯವಾಗಿ ಕೇಳಿಸಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆಯಂಗಳದ ಹುಣಸೆಮರದ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹುಣಸೆ ಫಸಲು ಹಾಳಾಗುವುದಕ್ಕೆ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹಿಕ್ಕೆ ಬಿದ್ದ ಮಣ್ಣು ಗದ್ದೆಗೆ ಗೊಬ್ಬರ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿನವರು ಹಕ್ಕಿಗಳನ್ನು ತವರಿಗೆ ಬರುವ ಹೆಣ್ಣುಮಕ್ಕಳೆನ್ನುತ್ತಾರೆ. ಆ ಪ್ರೀತಿ ನಿಜ. ಅದರ ಜೊತೆಗೆ ಬರುವ ಪರಿಹಾರದ ಹಣವೂ ಅಷ್ಟೇ ಅಗತ್ಯ.

ಧನೌರಿಯ ಹತ್ತಿರದ ಹಳ್ಳಿಯೊಂದರಲ್ಲಿ ಹಿರಿಯ ರೈತರೊಬ್ಬರ ಜೊತೆ ಇದನ್ನೆಲ್ಲ ಮಾತಾಡಿದ್ದೇನೆ. ಎಮ್ಮೆಗಳನ್ನು ಕಟ್ಟುವ ಘೇರಿನಲ್ಲಿ ಹಗ್ಗದ ಮಂಚ, ಮಂಚದ ಕಾಲಿಗೆ ಒರಗಿಸಿದ ಹುಕ್ಕಾ. ಈ ಕಡೆ ಅಪ್ಪನಿಗಿಂತ ಹಿರಿಯರನ್ನು ತಾವೂಜಿ ಎನ್ನುವುದು ರೂಢಿ, ನಾನೂ ಹಾಗೇ ಕರೆಯುತ್ತೇನೆ. ಅವರು ಬೆಳೆಯುವುದು 1509 ಬಾಸ್ಮತಿ. ಬಾಸ್ಮತಿಗೆ ಸರ್ಕಾರದ ಬೆಂಬಲ ಬೆಲೆಯಿಲ್ಲ, ಮಂಡಿಯ ಆಢತಿ ಹೇಳಿದ್ದೇ ದರ.

‘ಸಾರಸ ನಿಮ್ಮ ಗದ್ದೆಯಲ್ಲಿ ಗೂಡು ಮಾಡಿದೆಯಾ ತಾವೂಜಿ?’

‘ಮಾಡದೆ ಏನು? ನನ್ನಪ್ಪನ ಕಾಲದಿಂದಲೂ ಮಾಡುತ್ತೆ. ನಾಲ್ಕು ಹೆಜ್ಜೆ ಜಾಗದ ಪೈರು ಹೋಗುತ್ತೆ, ಹೋಗಲಿ. ಜೋಡಿ ಹಕ್ಕಿಯ ಶಾಪ ಯಾರಿಗೆ ಬೇಕು ಬೇಟಾ.’

ಜಪಾನಿನ ಅಕ್ಕಿಯ ಕಥೆ ಹೇಳಿದೆ. ಚಳಿಗಾಲದಲ್ಲೂ ನೀರು ಕಟ್ಟುವುದೆಂದಾಗ ನಕ್ಕರು. ಇಲ್ಲಿ ಭತ್ತ ಕೊಯ್ದ ಕೂಡಲೇ ಗೋಧಿ ಬಿತ್ತಬೇಕು, ನೀರು ನಿಲ್ಲಿಸಿದರೆ ಗೋಧಿ ಎಲ್ಲಿಂದ ಬರಬೇಕು? ಒಪ್ಪಬೇಕಾದ ಮಾತು. ಆ ಪದ್ಧತಿಯನ್ನು ಇದ್ದಂತೆಯೇ ಎತ್ತಿ ತಂದು ಇಲ್ಲಿಡಲು ಬರುವುದಿಲ್ಲ. ಆದರೆ ಮಳೆಗಾಲದಲ್ಲಿ ಔಷಧಿ ಸಿಂಪಡಣೆ ಬಿಡುವುದು, ಗೂಡಿರುವ ಮಡಿಯ ನೀರನ್ನು ಮರಿ ಆಗುವವರೆಗೆ ಬಸಿಯದೆ ಇರುವುದು ಆದೀತೆಂದರು. ಆಮೇಲೆ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ಕ್ವಿಂಟಲ್‌ಗೆ ಎಷ್ಟು ಹೆಚ್ಚು ಕೊಡುತ್ತಾರೆ, ಯಾರು ಕೊಡುತ್ತಾರೆ. ಎರಡನೆಯದು: ‘ಐದು ವರ್ಷ ಆದಮೇಲೆ ಈ ಗದ್ದೆ ನನ್ನದಾಗಿರುತ್ತೋ ಇಲ್ಲವೋ ಅದನ್ನ ಮೊದಲು ಕೇಳಿಕೊಂಡು ಬಾ.’

ಮೊದಲ ಪ್ರಶ್ನೆಗೆ ಉತ್ತರ ನೋಯ್ಡಾದಲ್ಲೇ ಇದೆ. ಒಂದೊಂದು ಸೊಸೈಟಿಯಲ್ಲಿ ಸಾವಿರ, ಎರಡು ಸಾವಿರ ಮನೆ. ಆ ಮನೆಗಳವರು ಒಳ್ಳೆಯ ಬಾಸ್ಮತಿಗೆ ಈಗಲೇ ಕಿಲೋಗೆ ನೂರಕ್ಕೂ ಮೇಲೆ ಕೊಡುತ್ತಿದ್ದಾರೆ. ಅದೇ ಅಕ್ಕಿ ಮೂವತ್ತು ಕಿಲೋಮೀಟರ್ ಆಚೆಯ ಸಾರಸದ ಗದ್ದೆಯಿಂದ, ರೈತರ ಗುಂಪಿನಿಂದ ನೇರವಾಗಿ ಬರುವಂತೆ ಮಾಡಲು ಹೊಸ ಕಾನೂನು ಬೇಕಿಲ್ಲ. ಚೀಲದ ಮೇಲೊಂದು ನಂಬಿಕೆಯ ಮುದ್ರೆ, ಅದನ್ನು ಪರೀಕ್ಷಿಸಿ ಕೊಡುವ ಕೃಷಿ ವಿಜ್ಞಾನಿಗಳು, ಕೊಳ್ಳುವ ಮನಸ್ಸು ಇದ್ದರೆ ಸಾಕು.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಪ್ರಾಧಿಕಾರ. ಜೌಗಿನ ಸುತ್ತಲ ಭತ್ತದ ಗದ್ದೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಮುಂದಿನ ಮೂವತ್ತು ವರ್ಷ ಇವು ಗದ್ದೆಯಾಗಿಯೇ ಇರುತ್ತವೆ ಎಂದು ಬರೆದುಕೊಡಬೇಕು. ಪಕ್ಕದ ಹಳ್ಳಿಯವನಿಗೆ ನಿವೇಶನದ ದರ ಸಿಗುವಾಗ ಇವರು ಕಳೆದುಕೊಳ್ಳುವುದಕ್ಕೆ ಬದಲಾಗಿ ವರ್ಷವರ್ಷವೂ ಹಣ ಕೊಡಬೇಕು. ಜಪಾನಿ ಸಿಟಿಗೆ ಬರುವ ಕಂಪನಿಗಳ ಜೊತೆ ಒಪ್ಪಂದಕ್ಕೆ ಕೂರುವ ಅಧಿಕಾರಿಗಳು ತೊಯೊಓಕಾದ ಹೆಸರೆತ್ತಿದರೆ ಎದುರಿಗಿರುವವರಿಗೆ ವಿವರಿಸಬೇಕಾಗಿ ಬರುವುದಿಲ್ಲ, ಆ ಅಕ್ಕಿ, ಆ ಹಕ್ಕಿ ಅವರ ದೇಶದ್ದೇ. ಈ ವೆಚ್ಚದಲ್ಲಿ ಪಾಲು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ದನಕೌರಿನಲ್ಲಿ ಸಸಿಮಡಿ ಹಾಕುವುದು ಮೇ ಕೊನೆಗೆ, ನಾಟಿ ಶುರುವಾಗುವುದು ಜೂನ್ ಕಳೆಯುವಾಗ. ಯಾವ ಮಡಿಗೆ ಔಷಧಿ ಹೊಡೆಯಬೇಕು, ಯಾವುದಕ್ಕೆ ಬೇಡ ಎಂದು ತಾವೂಜಿ ತೀರ್ಮಾನಿಸಬೇಕಾದದ್ದು ಅದಕ್ಕೂ ಮೊದಲು.